ಚೀಲದ ಬಾಯಿಯ ಕಾಳು ಮತ್ತು ಮನುಷ್ಯನ ಮುಖ

ಕಲಬುರಗಿಯಲ್ಲಿ ತೊಗರಿ ಖರೀದಿಯ ಅಂಗಡಿ ಇಟ್ಟಿದ್ದ ನಮ್ಮ ಸೋದರಮಾವ, ಚೀಲದ ಬಾಯಿಯಲ್ಲಿ ಕಾಣುವ ಕಾಳನ್ನು ಎಂದೂ ನಂಬಿದವರಲ್ಲ. ಮೊಣಕೈವರೆಗೆ ಕೈ ಇಳಿಸಿ ಒಳಗಿನ ಕಾಳನ್ನು ಮೇಲೆ ತಂದು, ಅಂಗೈಯಲ್ಲಿ ಹರಡಿ, ಒಂದನ್ನು ಹಲ್ಲಿನಿಂದ ಕಡಿದು ಹಸಿ ಎಷ್ಟಿದೆಯೆಂದು ತಿಳಿದ ಮೇಲೆಯೇ ದರದ ಮಾತು. ಅಂಥವರು, ಲೆಕ್ಕ ಬರೆಯುವ ಕೆಲಸ ಕೇಳಿಕೊಂಡು ಬಂದ ಒಬ್ಬ ಹುಡುಗನನ್ನು ಮಾತ್ರ ಹೊಸ್ತಿಲಲ್ಲೇ ಅಳೆದು ಕಳಿಸಿಬಿಟ್ಟರು: “ಹುಬ್ಬು ಕೂಡ್ಯಾವ ನೋಡು, ಇಂಥವರ ಕೈಯಾಗ ಗಲ್ಲಾ ಕೊಡಬಾರದು.”

ಈ ನಂಬಿಕೆ ಅವರೊಬ್ಬರದಲ್ಲ. ಬೆಕ್ಕಿನ ಕಣ್ಣಿನವರನ್ನು ನಂಬಬಾರದೆಂಬ ಮಾತು ನಮ್ಮಲ್ಲಿ ಹೆಣ್ಣು ನೋಡುವ ಮನೆಗಳಲ್ಲೂ ಕೇಳಿಬರುತ್ತದೆ. ಅದಕ್ಕೆ ಬೆನ್ನೆಲುಬಾಗಿ, ಮುಖ ಮತ್ತು ಮೈಲಕ್ಷಣ ನೋಡಿ ಸ್ವಭಾವ ಹೇಳುವ ಸಾಮುದ್ರಿಕ ಶಾಸ್ತ್ರವಿದೆ. ಯುರೋಪಿನಲ್ಲಿ ಸ್ವಿಟ್ಜರ್ಲೆಂಡಿನ ಪಾದ್ರಿ ಲಾವಾಟರ್ 1775ರಿಂದ ಪ್ರಕಟಿಸಿದ ಸಂಪುಟಗಳು ಇದೇ ವಿಚಾರವನ್ನು ಮನೆಮನೆಗೆ ಮುಟ್ಟಿಸಿದವು. 1831ರಲ್ಲಿ ಬೀಗಲ್ ಹಡಗಿನ ಕಪ್ತಾನ ಫಿಟ್ಜ್‌ರಾಯ್, ಇಂಥ ಮೂಗಿನ ಯುವಕನಿಗೆ ದೀರ್ಘ ಪ್ರಯಾಣಕ್ಕೆ ಬೇಕಾದ ಛಲವಿರಲಾರದೆಂದು ಚಾರ್ಲ್ಸ್ ಡಾರ್ವಿನ್‌ನನ್ನು ಬಹುಮಟ್ಟಿಗೆ ನಿರಾಕರಿಸಿಯೇಬಿಟ್ಟಿದ್ದ. ಮೂಗು ಗೆದ್ದಿದ್ದರೆ ಜೀವವಿಜ್ಞಾನದ ಗತಿ ಏನಾಗುತ್ತಿತ್ತೋ!

ಇಟಲಿಯ ವೈದ್ಯ ಲೊಂಬ್ರೊಸೊ 1876ರಲ್ಲಿ ಇನ್ನೂ ಮುಂದೆ ಹೋಗಿ, ಹುಟ್ಟಾ ಅಪರಾಧಿಯನ್ನು ದವಡೆ, ಕಿವಿ, ಹಣೆಗಳಿಂದಲೇ ಗುರುತಿಸಬಹುದೆಂದು ವಾದಿಸಿದ. ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳನ್ನು ಅಳತೆ ಮಾಡಿ, ಸೈನಿಕರು, ವಿದ್ಯಾರ್ಥಿಗಳು ಮೊದಲಾದವರೊಂದಿಗೆ ಹೋಲಿಸಿ, ಅಪರಾಧಿಯದೆಂಬ ಪ್ರತ್ಯೇಕ ದೇಹಲಕ್ಷಣ ಇಲ್ಲವೆಂದು 1913ರಲ್ಲಿ ಪ್ರಕಟಿಸಿದ.

ಹಾಗಿದ್ದರೂ ಮುಖ ನೋಡಿದೊಡನೆ ಮನಸ್ಸು ತೀರ್ಪು ಕೊಡುವುದೇಕೆ? ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಲ್ಲಿಸ್ ಮತ್ತು ಟೊಡೊರೊವ್ 2006ರಲ್ಲಿ ಅಪರಿಚಿತ ಮುಖಗಳನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಮಾತ್ರ ತೋರಿಸಿದರು. ಅಷ್ಟರಲ್ಲೇ ಜನ ‘ನಂಬಬಹುದು’, ‘ನಂಬಲಾಗದು’ ಎಂದು ನಿರ್ಧರಿಸಿದ್ದರು. ಹೆಚ್ಚು ಹೊತ್ತು ತೋರಿಸಿದಾಗ ಮುಖ್ಯವಾಗಿ ಹೆಚ್ಚಿದ್ದು ತಮ್ಮ ತೀರ್ಪಿನ ಮೇಲಿನ ವಿಶ್ವಾಸ. ಇದರ ಹಿಂದಿರುವುದು, ಮುಖದ ಮೇಲಿನ ಭಾವವನ್ನು ಕ್ಷಣದಲ್ಲಿ ಓದಬಲ್ಲ ನಮ್ಮ ಸಾಮರ್ಥ್ಯ. ಎದುರಿಗಿರುವವನು ಸಿಟ್ಟಾಗಿದ್ದಾನೆಯೇ ಎಂದು ತಿಳಿಯುವುದು ನಿಜಕ್ಕೂ ಉಪಯುಕ್ತ. ಆದರೆ ಹುಟ್ಟಿನಿಂದಲೇ ಹುಬ್ಬು ತಗ್ಗಿ ಕಣ್ಣಿಗೆ ಹತ್ತಿರವಿರುವ ಮುಖ, ಸುಮ್ಮನಿದ್ದಾಗಲೂ ಸಿಟ್ಟಿನ ಮುಖದಂತೆಯೇ ಕಾಣುತ್ತದೆ. ಮನಸ್ಸು ಮೂಳೆಯ ರಚನೆಯನ್ನು ಸ್ವಭಾವವೆಂದು ಓದಿಕೊಳ್ಳುತ್ತದೆ. ದುಂಡು ಕೆನ್ನೆ, ದೊಡ್ಡ ಕಣ್ಣಿನವರು ಮುಗ್ಧರೆನಿಸುವುದು ಹಸುಗೂಸಿನ ಹೋಲಿಕೆಯಿಂದ. ಹೀಗಾಗಿಯೇ ಹತ್ತು ಜನ ಒಂದೇ ಮುಖಕ್ಕೆ ಒಂದೇ ಮಾತು ಹೇಳುತ್ತಾರೆ, ಆ ಒಮ್ಮತವನ್ನೇ ನಾವು ಸತ್ಯದ ಪುರಾವೆಯೆಂದು ತಪ್ಪು ತಿಳಿಯುತ್ತೇವೆ. ಅದೇ ವ್ಯಕ್ತಿಯ ಬೇರೊಂದು ಫೋಟೊ ಕೊಟ್ಟರೆ, ಬೆಳಕು ಮತ್ತು ಕೋನ ಬದಲಾದುದಕ್ಕೇ ತೀರ್ಪು ಬದಲಾಗಬಹುದು.

ಆ ಹುಡುಗನ ತಪ್ಪು ಏನಿತ್ತೆಂದು ನನಗೆ ಇಂದಿಗೂ ಸಂಕಟವಾಗುತ್ತದೆ. ಅಂಗಡಿ ಈಗ ಮಾವನ ಮಗನ ಕೈಯಲ್ಲಿದೆ. ಗುಮಾಸ್ತ ಬೇಕಾದಾಗ ಅವನು ಹಿಂದಿನ ದಿನದ ಚೀಟಿಗಳ ಕಟ್ಟನ್ನು ಮುಂದಿಟ್ಟು, ತೂಕ, ದರ, ಹಮಾಲಿ ಎಲ್ಲ ಬರೆಸಿ ತಾಳೆ ನೋಡುತ್ತಾನೆ. ಮೊದಲು ಕೆಲಸ ಮಾಡಿದ ಅಂಗಡಿಗೆ ತಾನೇ ಹೋಗಿ ವಿಚಾರಿಸುತ್ತಾನೆ. ಅದಕ್ಕೆ ಎರಡು ದಿನ ಹಿಡಿಯುತ್ತದೆ.