ಎದೆಯಲ್ಲೇ ನಿಲ್ಲುವ ತುತ್ತು: ಅಕಲೇಸಿಯಾ ಚಿಕಿತ್ಸೆ ನಡೆದುಬಂದ ದಾರಿ

ಶಿರಸಿ ಕಡೆಯ ಊಟದ ಪಂಕ್ತಿಯಲ್ಲಿ ಒಬ್ಬರು ತುತ್ತಿಗೊಂದು ಗುಟುಕು ಅಪ್ಪೆಹುಳಿ ಕುಡಿದು, ಬೆನ್ನು ನೆಟ್ಟಗೆ ಮಾಡಿ, ಕುತ್ತಿಗೆ ಎತ್ತಿ ಅನ್ನ ಇಳಿಸುತ್ತಿದ್ದರೆ ಪಕ್ಕದವರು ಅದನ್ನು ‘ಗ್ಯಾಸಿನ ತ್ರಾಸು’ ಎಂದುಬಿಡುತ್ತಾರೆ. ಎದೆಯುರಿಯ ಮಾತ್ರೆಯಲ್ಲೇ ವರ್ಷಗಳು ಕಳೆಯುತ್ತವೆ. ಆದರೆ ಗಂಜಿತಿಳಿಯೂ ಇಳಿಯದಾಗಿ, ರಾತ್ರಿ ಉಂಡ ಅನ್ನ ಜೀರ್ಣವಾಗದೆ ದಿಂಬಿನ ಮೇಲೆ ಬರತೊಡಗಿದರೆ ಅದು ಅಕಲೇಸಿಯಾ ಇರಬಹುದು. ಅನ್ನನಾಳದ ಕೆಳಭಾಗದ ನರಕೋಶಗಳು ನಶಿಸಿ, ಆಹಾರವನ್ನು ತಳ್ಳುವ ಅಲೆ ನಿಂತು, ಜಠರದ ಬಾಯಿಯ ಸ್ನಾಯು ಸಡಿಲಗೊಳ್ಳದೆ ಉಳಿಯುವ ಈ ಕಾಯಿಲೆ ವರ್ಷಕ್ಕೆ ಲಕ್ಷದಲ್ಲಿ ಒಬ್ಬರಿಗೆ ಬಂದೀತು, ಅಷ್ಟೇ.

ಸತ್ತ ನರವನ್ನು ಬದುಕಿಸುವ ಚಿಕಿತ್ಸೆ ಇಂದಿಗೂ ಇಲ್ಲ. ಇರುವುದೆಲ್ಲ ಬಾಗಿಲು ಸಡಿಲಿಸುವ ಉಪಾಯ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ತಿಮಿಂಗಿಲದ ಎಲುಬಿನ ತುದಿಗೆ ಸ್ಪಂಜು ಕಟ್ಟಿಕೊಟ್ಟು ರೋಗಿಯಿಂದಲೇ ಆಹಾರ ತಳ್ಳಿಸಿದ. 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲರ್ ಆ ಸ್ನಾಯುವನ್ನು ಶಸ್ತ್ರಕ್ರಿಯೆಯಿಂದ ಸೀಳಿದರು. ಬಾಯಿಯಿಂದ ಕ್ಯಾಮೆರಾ ನಳಿಕೆ ಇಳಿಸಿ ನೋಡುವ ಎಂಡೋಸ್ಕೋಪಿ ಬಳಕೆಗೆ ಬಂದ ಮೇಲೆ 30 ಮಿ.ಮೀ. ಅಗಲದ ಬಲೂನನ್ನು ಒಳಗೆ ಊದಿ ಸ್ನಾಯುವಿನ ಎಳೆಗಳನ್ನು ಹರಿಯುವುದು, ಸಾಲದಿದ್ದರೆ 35, 40ಕ್ಕೆ ಏರುವುದು ರೂಢಿಯಾಯಿತು. ಅಪರೂಪಕ್ಕೆ ಅನ್ನನಾಳವೇ ತೂತಾಗುವ ಅಪಾಯ ಇದರಲ್ಲಿದೆ. 1990ರ ದಶಕದಲ್ಲಿ ಪಂಕಜ್ ಪಸ್ರಿಚಾ ಮತ್ತು ಸಂಗಡಿಗರು ತೋರಿಸಿದ, ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು ಸುಲಭವಾದರೂ, ಬಹಳ ಮಂದಿಗೆ ಅದರ ಗುಣ ವರ್ಷದೊಳಗೆ ಇಳಿದುಹೋಗುವುದರಿಂದ, ಬೇರೆ ಚಿಕಿತ್ಸೆ ತಾಳಲಾರದ ವೃದ್ಧರಿಗೇ ಅದು ಮೀಸಲು.

2008ರಲ್ಲಿ ಜಪಾನಿನ ಹರುಹಿರೊ ಇನೌಯೆ ಆರಂಭಿಸಿದ ‘ಪೋಯೆಮ್’ ವಿಧಾನದಲ್ಲಿ ಎಲ್ಲವೂ ಬಾಯಿಯಿಂದ ಇಳಿಸಿದ ಎಂಡೋಸ್ಕೋಪಿ ನಳಿಕೆಯಿಂದಲೇ ನಡೆಯುವುದರಿಂದ ಹೊರಗೆ ಒಂದು ಗಾಯವೂ ಇರುವುದಿಲ್ಲ. ಅನ್ನನಾಳದ ಒಳಪದರದಲ್ಲಿ ಸಣ್ಣ ಸೀಳು ಮಾಡಿ, ಪದರಕ್ಕೂ ಸ್ನಾಯುವಿಗೂ ನಡುವೆ ಸುರಂಗ ಕೊರೆದು, ಜಠರದ ಬಾಯಿ ದಾಟುವವರೆಗೆ ಸ್ನಾಯು ಕತ್ತರಿಸಿ, ಕೊನೆಗೆ ಕ್ಲಿಪ್ಪು ಹಾಕಿ ಮುಚ್ಚುತ್ತಾರೆ. ಬೇಕಾದಷ್ಟು ಉದ್ದಕ್ಕೆ ಕತ್ತರಿಸಬಹುದಾದ್ದರಿಂದ, ಅನ್ನನಾಳ ಸೆಟೆದುಕೊಳ್ಳುವ ಮೂರನೆಯ ಬಗೆಯ ಅಕಲೇಸಿಯಾಕ್ಕೆ ಇದೇ ಮೇಲು.

ಹಾಗೆಂದು ಬಲೂನನ್ನು ಹಳೆಯದೆಂದು ತಳ್ಳಿಹಾಕುವುದು ಅವಸರವಾದೀತು. 2019ರ ಹೋಲಿಕೆಯಲ್ಲಿ ಎರಡು ವರ್ಷದ ಬಳಿಕ ಪೋಯೆಮ್ ಶೇ. 92 ಮಂದಿಗೆ, ಬಲೂನು ಶೇ. 54 ಮಂದಿಗೆ ಫಲಿಸಿತ್ತು. 2011ರ ಯುರೋಪಿನ ಅಧ್ಯಯನದಲ್ಲಾದರೋ ಅದೇ ಬಲೂನಿನ ಯಶಸ್ಸು ಶೇ. 86. ಈ ಅಂತರಕ್ಕೆ ಒಂದು ದೊಡ್ಡ ಕಾರಣ, ತೊಂದರೆ ಮರುಕಳಿಸಿದವರಿಗೆ ಮತ್ತೆ ಬಲೂನು ಹಾಕಲು ಹಿಂದಿನ ಅಧ್ಯಯನದಲ್ಲಿ ಅವಕಾಶವಿದ್ದದ್ದು. ಮತ್ತೆ ಹಾಕುವುದೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಮತ್ತೊಂದು ಪ್ರಯಾಣ: ಕಾರವಾರದವರು ಗೋವಾಕ್ಕೋ ಮಣಿಪಾಲಕ್ಕೋ, ಶಿರಸಿಯವರು ನೂರು ಕಿ.ಮೀ. ದೂರದ ಹುಬ್ಬಳ್ಳಿಗೋ ಹೊರಡಬೇಕು. ಒಂದೇ ಸಲಕ್ಕೆ ಮುಗಿಸಬೇಕೆನ್ನುವವರು ಪೋಯೆಮ್ ಕಡೆ ಒಲಿದರೆ ತಪ್ಪೆನ್ನಲಾರೆ. ಆದರೆ ಬಾಗಿಲು ಅಷ್ಟು ತೆರೆದ ಮೇಲೆ ಜಠರದ ಆಮ್ಲ ಮೇಲೇರುತ್ತದೆ. ಅದೇ 2019ರ ಹೋಲಿಕೆಯಲ್ಲಿ ಅನ್ನನಾಳದ ಉರಿಯೂತ ಪೋಯೆಮ್ ಆದವರಲ್ಲಿ ಶೇ. 41, ಬಲೂನು ಹಾಕಿಸಿಕೊಂಡವರಲ್ಲಿ ಶೇ. 7 ಇತ್ತು. ಕಾಯಿಲೆ ಗೊತ್ತಾಗುವ ಮುಂಚೆ ವರ್ಷಗಟ್ಟಲೆ ಸುಮ್ಮನೆ ನುಂಗಿದ ಎದೆಯುರಿಯ ಮಾತ್ರೆಯನ್ನೇ ಅವರಲ್ಲಿ ಹಲವರು ಈಗ ಸಕಾರಣವಾಗಿ ಮುಂದುವರಿಸಬೇಕಾಗುತ್ತದೆ.