ವಾಕರಿಕೆಯನ್ನೂ ವರದಿ ಮಾಡಿದ ಗಗನಯಾತ್ರಿ

ತಲೆಸುತ್ತಿನ ರೋಗಿ ಬಂದರೆ ನಮ್ಮಂಥ ಕಿವಿ-ಮೂಗು-ಗಂಟಲು ವೈದ್ಯರಿಗೆ ಸ್ಕ್ಯಾನಿಗಿಂತ ಮೊದಲು ಬೇಕಾಗುವುದು ಅವರ ಬಾಯಿಮಾತು. ಕೋಣೆ ತಿರುಗಿತೋ, ಮೈ ತೂಗಾಡಿತೋ? ಮಗ್ಗುಲಾದಾಗ ಬಂತೋ, ಎದ್ದು ನಿಂತಾಗಲೋ? ಇದನ್ನೆಲ್ಲ ಸಂಕೋಚವಿಲ್ಲದೆ ಹೇಳುವವರು ಕಡಿಮೆ. ಗಗನಯಾತ್ರಿಗಳಲ್ಲಂತೂ ಇನ್ನೂ ಕಡಿಮೆ. ತೊಯೊಹಿರೊ ಅಕಿಯಾಮ ನನಗೆ ಇಷ್ಟವಾಗುವುದು ಅದಕ್ಕೇ.

ಅಕಿಯಾಮ ಪೈಲಟ್ ಅಲ್ಲ, ವಿಜ್ಞಾನಿಯೂ ಅಲ್ಲ. ಟೋಕಿಯೊದ ಟಿಬಿಎಸ್ ವಾಹಿನಿಯ ಪತ್ರಕರ್ತರು, ವಿಪರೀತ ಸಿಗರೇಟು ಸೇದುತ್ತಿದ್ದವರು. ವಾಹಿನಿಯವರು ಸೋವಿಯತ್ ಒಕ್ಕೂಟಕ್ಕೆ ದುಡ್ಡು ಕೊಟ್ಟು ಅವರಿಗೊಂದು ಸೀಟು ಗೊತ್ತುಮಾಡಿದರು. 1990ರ ಡಿಸೆಂಬರ್ 2ರಂದು ಬೈಕನೂರಿನಿಂದ ಸೋಯುಜ್ ಟಿಎಂ-11ರಲ್ಲಿ ಹೊರಟಾಗ ಅವರಿಗೆ 48 ವರ್ಷ. ಜಪಾನ್ ಸರ್ಕಾರದ ಸಂಸ್ಥೆ ಆರಿಸಿದ್ದ ಮಮೊರು ಮೊಹ್ರಿಯವರ ಸರದಿ ಬಂದದ್ದು 1992ರಲ್ಲಿ. ಹಾಗಾಗಿ ಬಾಹ್ಯಾಕಾಶ ಕಂಡ ಮೊದಲ ಜಪಾನಿಯೂ ಮೊದಲ ಪತ್ರಕರ್ತರೂ ಇವರೇ. ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಮಿರ್‌ನಿಂದ ದಿನವೂ ನೇರಪ್ರಸಾರ. ಅಲ್ಲಿ ಹೊಟ್ಟೆ ತೊಳಸಿದ್ದನ್ನೂ ಸಿಗರೇಟಿಗಾಗಿ ಜೀವ ಚಡಪಡಿಸಿದ್ದನ್ನೂ ಅವರು ಮುಚ್ಚಿಡಲಿಲ್ಲ.

ಒಳಗಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳು ಲೋಳೆಯಂಥ ಪದರದ ಮೇಲೆ ಕೂತಿರುತ್ತವೆ. ತಲೆ ವಾಲಿಸಿದರೆ ಅವುಗಳ ಭಾರಕ್ಕೆ ಪದರ ಜರುಗಿ, ಅಡಿಯ ರೋಮಕೋಶಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಈ ಹರಳು ಕಳಚಿ ಪಕ್ಕದ ನಾಳಕ್ಕೆ ಜಾರಿದರೆ ಹಾಸಿಗೆಯಲ್ಲಿ ಮಗ್ಗುಲಾದ ಕೂಡಲೇ ಮನೆಯೆಲ್ಲ ಗಿರ್ರೆನ್ನುತ್ತದೆ. ನಮ್ಮ ಓಪಿಡಿಯಲ್ಲಿ ಮಾಮೂಲಿ ಕೇಸು. ಕಕ್ಷೆಯಲ್ಲಿ ಆಗುವುದು ಬೇರೆ. ಹರಳು ಇದ್ದಲ್ಲೇ ಇರುತ್ತದೆ, ಆದರೆ ತೂಕ ಇಲ್ಲದಂತಾಗಿರುತ್ತದೆ. ತಲೆ ತಿರುಗಿಸಿದ್ದನ್ನು ಹೇಳುವ ನಾಳಗಳು ಎಂದಿನಂತೆ ಕೆಲಸ ಮಾಡುತ್ತವೆ, ವಾಲಿಸಿದ್ದನ್ನು ಹೇಳಬೇಕಾದ ಹರಳು ಸುಮ್ಮನಿರುತ್ತದೆ, ಕಣ್ಣು ಇನ್ನೇನೋ ಹೇಳುತ್ತದೆ. ಸಾಲದ್ದಕ್ಕೆ ಕಾಲಿನ ಕಡೆಯ ರಕ್ತ ಮೇಲಕ್ಕೇರಿ ಮುಖ ಊದುತ್ತದೆ, ಮೂಗು ಕಟ್ಟುತ್ತದೆ. ಆಮೇಲೆ ವಾಂತಿ. ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದು ತಪ್ಪಿದ್ದಲ್ಲ. ಸಾಮಾನ್ಯವಾಗಿ ಎರಡು-ಮೂರು ದಿನದಲ್ಲಿ ಮಿದುಳು ಹೊಸ ಸ್ಥಿತಿಗೆ ಹೊಂದಿಕೊಳ್ಳುತ್ತದೆ.

ಆದರೂ ವೃತ್ತಿಪರ ಗಗನಯಾತ್ರಿಗಳು ಬಾಯಿಬಿಡಲು ಹಿಂಜರಿಯುತ್ತಿದ್ದರು. ಹೇಳಿಕೊಂಡರೆ ಮುಂದಿನ ಹಾರಾಟ ಕೈತಪ್ಪೀತು ಎಂಬ ಭಯ; ಸೇನಾ ಪೈಲಟ್ ಆಗಿದ್ದವರಿಗೆ ಮರ್ಯಾದೆ ಪ್ರಶ್ನೆ ಬೇರೆ. ಅಕಿಯಾಮರಿಗೆ ಮುಂದಿನ ಹಾರಾಟ ಎಂಬುದೇ ಇರಲಿಲ್ಲ. ಅನುಭವಿಸಿದ್ದನ್ನು ಹೇಳುವುದೇ ಅವರ ಕೆಲಸ.

ಅದೇ ಯಾನದಲ್ಲಿ ಜಪಾನಿನ ಆರು ಮರಗಪ್ಪೆಗಳೂ ಹೋಗಿದ್ದವು. ತೇಲುವಾಗ ಅವು ಕೈಕಾಲು ಚಾಚಿಕೊಂಡು ಪ್ಯಾರಾಚೂಟಿನವರ ಭಂಗಿಯಲ್ಲಿರುತ್ತಿದ್ದವು. ಏನಾದರೂ ಹಿಡಿದು ಕೂತರೆ ಕತ್ತನ್ನು ಹಿಂದಕ್ಕೆ ಬಗ್ಗಿಸಿ, ಕೆಲವೊಮ್ಮೆ ಹಿಂದೆ ಹಿಂದೆ ನಡೆಯುತ್ತಿದ್ದವು. ಓಕರಿಸುವ ಕಪ್ಪೆಗಳೂ ಭೂಮಿಯಲ್ಲಿ ಹೀಗೇ ಕೂರುತ್ತವೆ ಎಂದು ಸಂಶೋಧಕರು ಗುರುತಿಸಿದರು. ಪಾಪ, ಅವಕ್ಕೆ ಹೇಳಿಕೊಳ್ಳಲು ಬಾಯಿಲ್ಲ. ಆದರೂ ನಮಗೆ ತಿಳಿಯಿತು.

ನಮ್ಮ ದೇಶದ ‘ಗಗನಯಾನ’ ಯೋಜನೆಗೆ ಆಯ್ಕೆಯಾದವರ ವೈದ್ಯಕೀಯ ಪರೀಕ್ಷೆ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ನಡೆಯಿತು. ತಿರುಗುವ ಕುರ್ಚಿಯಂಥ ಪರೀಕ್ಷೆಯಲ್ಲಿ ಗಟ್ಟಿಯಾಗಿ ಕೂತವರು ಕಕ್ಷೆಯಲ್ಲಿ ವಾಂತಿ ಮಾಡಬಹುದು. ಚಾರ್ಮಾಡಿ ಘಾಟಿಯಲ್ಲಿ ನಿಂಬೆಹಣ್ಣು ಮೂಸುತ್ತ ಕೂರುವವರು ಅಲ್ಲಿ ಆರಾಮಾಗಿರಲೂಬಹುದು. ಯಾರಿಗೆ ಬರುತ್ತದೆಂದು ನೆಲದ ಮೇಲೆ ನಿಂತು ನಿಖರವಾಗಿ ಹೇಳುವ ಪರೀಕ್ಷೆ ನಮ್ಮಲ್ಲಿ ಇವತ್ತಿಗೂ ಇಲ್ಲ.