ತಾರಾಬಾಯಿ ಮೋಡಕ್: ಪ್ರಾಂಶುಪಾಲರ ಕುರ್ಚಿಯಿಂದ ಹುಲ್ಲುಗಾವಲಿನವರೆಗೆ

ಮುಂಬಯಿಯ ಕನ್ನಡ ಶಾಲೆಗಳಲ್ಲಿ, ಬಾಲವಾಡಿಗಳಲ್ಲಿ ಪಾಠ ಮಾಡುತ್ತಲೇ ಪೂರ್ವ ಪ್ರಾಥಮಿಕ ಶಿಕ್ಷಣದ ಪರೀಕ್ಷೆಗೆ ಓದುತ್ತಿರುವ ಗೆಳತಿಯರಿಗಾಗಿ ಈ ಟಿಪ್ಪಣಿ. ತಾರಾಬಾಯಿ ಮೋಡಕ್ ಅವರ ಮೇಲೆ ಪ್ರಶ್ನೆ ಬಂದರೆ ಹುಟ್ಟಿದ ವರ್ಷ, 1962ರ ಪದ್ಮಭೂಷಣ, ‘ಬಾಲವಾಡಿಗಳನ್ನು ಸ್ಥಾಪಿಸಿದರು’ ಎಂಬ ಒಂದು ಸಾಲು, ಇಷ್ಟನ್ನು ಬರೆದು ಮುಂದಿನ ಪ್ರಶ್ನೆಗೆ ಹೋಗುವುದು ನಮ್ಮ ಅಭ್ಯಾಸ. ಅವರ ಬದುಕನ್ನು ಓದಲು ನನಗೆ ಒಂದು ದಾರಿ ಹೊಳೆದಿದೆ. ಪ್ರತಿ ಹಂತದಲ್ಲೂ ‘ಇಲ್ಲಿಗೆ ಬಾರದ ಮಗು ಯಾವುದು, ಏಕೆ ಬರುತ್ತಿಲ್ಲ?’ ಎಂದು ಕೇಳಿಕೊಳ್ಳಿ. ಅವರು ಮುಂದೆ ಎಲ್ಲಿಗೆ ಹೊರಟರು ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ.

ತಾರಾಬಾಯಿ ಹುಟ್ಟಿದ್ದು 1892ರ ಏಪ್ರಿಲ್ 19ರಂದು, ನಮ್ಮ ಮುಂಬಯಿಯಲ್ಲೇ. ತವರಿನ ಅಡ್ಡಹೆಸರು ಕೇಳ್ಕರ್. ತಂದೆ ಸದಾಶಿವರಾವ್, ತಾಯಿ ಉಮಾಬಾಯಿ ಸಮಾಜ ಸುಧಾರಣೆಯ ಸಂಘಟನೆಯಾದ ಪ್ರಾರ್ಥನಾ ಸಮಾಜದ ಅನುಯಾಯಿಗಳು. ಹೆಣ್ಣುಮಗಳು ಓದಬೇಕೇ ಬೇಡವೇ ಎಂಬ ಚರ್ಚೆಗೆ ಆ ಮನೆಯಲ್ಲಿ ಎಡೆಯಿರಲಿಲ್ಲ. 1914ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವಿ. ಬಳಿಕ ವಕೀಲ ಮೋಡಕ್ ಅವರೊಂದಿಗೆ ಮದುವೆ, ಅಮರಾವತಿಯ ವಾಸ, 1921ರಲ್ಲಿ ವಿಚ್ಛೇದನ.

ಆ ಕೊನೆಯ ಮಾತಿನ ಬಳಿ ಸ್ವಲ್ಪ ನಿಲ್ಲೋಣ. 1921ರಲ್ಲಿ ಗಂಡನಿಂದ ಬೇರೆಯಾದ ಹೆಂಗಸಿಗೆ ಸ್ವಂತ ಸಂಬಳ ಎಂಬುದು ಎಂಥ ಆಸರೆ ಎಂದು ಯೋಚಿಸಿ. ಅವರಿಗೆ ರಾಜಕೋಟೆಯಲ್ಲಿ ಮಹಿಳಾ ಶಿಕ್ಷಕಿಯರ ತರಬೇತಿ ಕಾಲೇಜಿನ ಪ್ರಾಂಶುಪಾಲೆಯ ಹುದ್ದೆ ದೊರೆಯಿತು. ಗೌರವದ ಕೆಲಸ, ನೆಮ್ಮದಿಯ ಕೆಲಸ. ಅಷ್ಟರಲ್ಲಿ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರೊಬ್ಬರು ವಕಾಲತ್ತು ಬಿಟ್ಟು, ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ 1920ರಿಂದ ಬಾಲಮಂದಿರ ನಡೆಸುತ್ತಿದ್ದರು. ಹೊಡೆತವಿಲ್ಲ, ಬಹುಮಾನದ ಆಮಿಷವೂ ಇಲ್ಲ, ಮಗು ತನ್ನ ಕೈಯಿಂದಲೇ ಕಲಿಯುತ್ತದೆ ಎಂಬ, ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸರಿಯವರ ಪದ್ಧತಿಯನ್ನು ಆಧರಿಸಿದ ಪ್ರಯೋಗ. ತಾರಾಬಾಯಿ ಪ್ರಾಂಶುಪಾಲೆಯ ಕುರ್ಚಿ ಬಿಟ್ಟು ಅಲ್ಲಿಗೆ ಹೋಗಿ ಸೇರಿದರು. ದೊಡ್ಡವರಿಗೆ ಪಾಠ ಹೇಳುತ್ತಿದ್ದವರು ಮೂರು ವರ್ಷದ ಮಕ್ಕಳ ಮುಂದೆ ನೆಲದ ಮೇಲೆ ಕುಳಿತು, ಮೊದಲಿನಿಂದ ಕಲಿತರು. ಇಡೀ ಜೀವನಚರಿತ್ರೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವ ನಿರ್ಧಾರ ಇದೇ. ಪಠ್ಯಗಳು ಇದನ್ನು ಅರ್ಧ ವಾಕ್ಯದಲ್ಲಿ ದಾಟಿಬಿಡುತ್ತವೆ.

1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಕಟ್ಟಿದರು. (ಇಸವಿ ಮರೆಯದಿರಲು: ಮಾಟುಂಗದ ನಮ್ಮ ಮೈಸೂರು ಅಸೋಸಿಯೇಷನ್ ಹುಟ್ಟಿದ್ದೂ ಅದೇ ವರ್ಷ.) ಸಂಘದ ‘ಶಿಕ್ಷಣ ಪತ್ರಿಕೆ’ಯ ಮರಾಠಿ ಆವೃತ್ತಿಯನ್ನು ತಾರಾಬಾಯಿ ಸಂಪಾದಿಸಿದರು. ತಂದೆತಾಯಂದಿರಿಗೆ, ಶಿಕ್ಷಕರಿಗೆ ಬರೆದದ್ದರ ಜೊತೆಗೆ ಮಕ್ಕಳಿಗಾಗಿ ಕಥೆ, ನಾಟಕಗಳನ್ನೂ ಬರೆದರು.

ಮಕ್ಕಳ ಬರಹದ ಬಗ್ಗೆ ಭಾವನಗರದ ಗುಂಪಿಗೆ ಖಚಿತವಾದ ನಿಲುವಿತ್ತು: ಕಥೆ ಮೊದಲು ಸಂತೋಷಕ್ಕೆ. ಕೊನೆಯಲ್ಲಿ ‘ಆದ್ದರಿಂದ ಮಕ್ಕಳೇ...’ ಎಂದು ನೀತಿ ಅಂಟಿಸಿದರೆ ಮಗು ಕಥೆಯನ್ನೂ ಬಿಡುತ್ತದೆ, ನೀತಿಯನ್ನೂ ಬಿಡುತ್ತದೆ. ನಮ್ಮ ತರಗತಿಗಳಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಗುಬ್ಬಚ್ಚಿ ಮತ್ತು ಕಾಗೆಯ ಕಥೆಯನ್ನು ಎರಡು ದಿನ ಎರಡು ರೀತಿಯಲ್ಲಿ ಹೇಳಿ. ಒಂದು ದಿನ ನೀತಿಯೊಂದಿಗೆ, ಇನ್ನೊಂದು ದಿನ ಗುಬ್ಬಿ ಬಾಗಿಲು ತೆರೆಯದೆ ಹೇಳುವ ನೆಪಗಳನ್ನು ಮಕ್ಕಳಿಂದಲೇ ಹೇಳಿಸುತ್ತ. ಯಾವ ದಿನ ‘ಟೀಚರ್, ಇನ್ನೊಂದು ಸಲ’ ಎಂಬ ಕೂಗು ಏಳುತ್ತದೆ ಎಂದು ಗಮನಿಸಿ.

1936ರಲ್ಲಿ ಅವರು ಮುಂಬಯಿಗೆ ಮರಳಿ ದಾದರಿನ ಹಿಂದೂ ಕಾಲೋನಿಯಲ್ಲಿ ಶಿಶುವಿಹಾರ ಆರಂಭಿಸಿದರು. ಮಾಟುಂಗದಿಂದ ನಡೆದು ಹೋಗುವಷ್ಟೇ ದೂರ. ಅಲ್ಲಿ ಮಕ್ಕಳ ಶಾಲೆಯ ಜೊತೆಗೆ ಶಿಕ್ಷಕಿಯರ ತರಬೇತಿಯೂ ಬೆಳೆಯಿತು. ಆದರೆ ಬಂದವರು ಹೆಚ್ಚಾಗಿ ಮಧ್ಯಮ ವರ್ಗದ ಮನೆಗಳ ಮಕ್ಕಳು. ಮಾಂಟೆಸ್ಸರಿ ಸಾಧನಗಳು ದುಬಾರಿ. ಅಷ್ಟು ಹಣ ಹಾಕಬಲ್ಲ ಕಡೆ ಮಾತ್ರ ಇಂಥ ಶಾಲೆ ನಿಲ್ಲುತ್ತದೆ ಎಂದಾದರೆ ಹಳ್ಳಿಯ ಮಗುವಿನ ಗತಿ ಏನು? ನಾನು ಆರಂಭದಲ್ಲಿ ಹೇಳಿದ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಮಾಂಟೆಸ್ಸರಿ ಪದ್ಧತಿ ಭಾರತದಲ್ಲಿ ಶುರುವಾದದ್ದು ಮಾರಿಯಾ ಮಾಂಟೆಸ್ಸರಿ ಬಂದ ಮೇಲೆ ಎಂದು ಬರೆಯಬೇಡಿ. ಅವರು ಬಂದದ್ದು 1939ರಲ್ಲಿ. ಭಾವನಗರದ ಪ್ರಯೋಗ ಅದಕ್ಕಿಂತ ಸುಮಾರು ಎರಡು ದಶಕ ಹಳೆಯದು. ಗಿಜುಭಾಯಿ ತೀರಿಕೊಂಡದ್ದೂ 1939ರಲ್ಲೇ.

1945ರ ಕೊನೆಗೆ ತಾರಾಬಾಯಿ ಬೋರ್ಡಿಗೆ ಹೋದರು. ಡಹಾಣು ತಾಲೂಕಿನ ಕಡಲತೀರದ ಊರು. ಆಗ ಠಾಣೆ ಜಿಲ್ಲೆ, 2014ರಿಂದ ಪಾಲ್ಘರ್ ಜಿಲ್ಲೆ. ಅವರಿಗೆ ಆಗ ಐವತ್ತಮೂರು ವರ್ಷ. ಅಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರ ಆರಂಭವಾಯಿತು. ದುಬಾರಿ ಸಾಧನಗಳ ಜಾಗಕ್ಕೆ ಕಪ್ಪೆಚಿಪ್ಪು, ಬೆಣಚುಕಲ್ಲು, ಬೀಜ, ಎಲೆ, ಮಣ್ಣಿನ ಕುಡಿಕೆಗಳು ಬಂದವು. ದೊಡ್ಡದು ಚಿಕ್ಕದು, ಒರಟು ನುಣುಪು, ಹಗುರ ಭಾರ ಎಂಬ ಇಂದ್ರಿಯಗಳ ಅಭ್ಯಾಸ ಅವುಗಳಿಂದಲೂ ಸಾಗುತ್ತದೆ. ಪದ್ಧತಿಯ ತಿರುಳನ್ನು ಉಳಿಸಿಕೊಂಡು ಖರ್ಚನ್ನು ಕಳಚಿದರು. ಮಕ್ಕಳಿಗೆ ಸ್ನಾನ ಮಾಡಿಸುವುದು, ತಲೆ ಬಾಚುವುದು, ಉಗುರು ಕತ್ತರಿಸುವುದು ಪಾಠದ ಭಾಗವೇ ಆಯಿತು.

ಮುಂದಿನ ಭಾಗವನ್ನು ನಿಧಾನವಾಗಿ ಓದಿ. 1950ರ ದಶಕದ ಉತ್ತರಾರ್ಧದಲ್ಲಿ ಕೆಲಸ ಕೋಸ್‌ಬಾಡ್ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ಸರಿಯಿತು. ಬಾಲವಾಡಿ ತೆರೆದರೂ ಮಕ್ಕಳು ಬರಲಿಲ್ಲ. ಆಗ ಶಿಕ್ಷಕಿಯೇ ಪಾಡಾಗಳಿಗೆ, ಅಂದರೆ ವಾರ್ಲಿಗಳ ಕೇರಿಗಳಿಗೆ ಹೋಗಿ ಮನೆಯ ಅಂಗಳದಲ್ಲಿ ತರಗತಿ ನಡೆಸಿದರು. ಅಂಗನವಾಡಿ ಎಂಬ ಕಲ್ಪನೆ ಬೆಳೆದದ್ದು ಹೀಗೆ. ಸ್ವಲ್ಪ ದೊಡ್ಡ ಹುಡುಗರು ದನ ಕಾಯಲು ಹೋಗುತ್ತಿದ್ದರು, ದನ ಬಿಟ್ಟು ಬರುವಂತಿರಲಿಲ್ಲ. ಅವರಿಗಾಗಿ ಹುಲ್ಲುಗಾವಲಿನಲ್ಲೇ ‘ಕುರಣಶಾಲೆ’ ನಡೆಯಿತು. ಹುಡುಗಿಯರು ತಮ್ಮ ತಂಗಿಯರನ್ನು ಎತ್ತಿಕೊಂಡು ಮನೆಯಲ್ಲಿ ಉಳಿಯುತ್ತಿದ್ದರು. ಅದಕ್ಕೆ ಶಿಶುಪಾಲನಾ ಕೇಂದ್ರ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣಕ್ಕೆ ತಂದ ‘ವಿಕಾಸವಾಡಿ’. ಅಕ್ಕ ಇಲ್ಲಿ ಓದುತ್ತಾಳೆ, ಕೂಸು ಪಕ್ಕದಲ್ಲೇ ತೊಟ್ಟಿಲಲ್ಲಿರುತ್ತದೆ. ಮಕ್ಕಳು ಗೈರುಹಾಜರಾದರೆ ನಾವು ಪೋಷಕರ ಅಸಡ್ಡೆ ಎಂದು ಬರೆದಿಡುತ್ತೇವೆ. ತಾರಾಬಾಯಿ ಶಾಲೆಯ ವೇಳೆ, ಜಾಗ, ರಚನೆಗಳನ್ನೇ ಬದಲಿಸಿದರು.

ಮುಂಬಯಿ ಕನ್ನಡಿಗರಿಗೆ ಇದು ತಿಳಿಯದ ಮಾತಲ್ಲ. ಹಗಲೆಲ್ಲ ಹೋಟೆಲುಗಳಲ್ಲಿ ಮೇಜು ಒರೆಸುತ್ತಿದ್ದ ತುಳುನಾಡಿನ ಹುಡುಗರು ಇಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೆಟ್ರಿಕ್ ಮುಗಿಸಿದ್ದಾರೆ. ದುಡಿಯುವ ಮಗುವಿನ ಗಡಿಯಾರಕ್ಕೆ ಶಾಲೆ ಹೊಂದಿಕೊಂಡಿತು. ಕುರಣಶಾಲೆಯ ಬಗ್ಗೆ ಬರೆಯುವಾಗ ಈ ಹೋಲಿಕೆ ಕೊಡಿ. ಉತ್ತರ ನಿಮ್ಮದೇ ಆಗುತ್ತದೆ.

ಇನ್ನೊಂದು ತಪ್ಪು ಆಗಾಗ ಕಾಣುತ್ತದೆ: ಸರ್ಕಾರದ ಅಂಗನವಾಡಿ ಯೋಜನೆಯನ್ನು ತಾರಾಬಾಯಿ ಆರಂಭಿಸಿದರು ಎಂದು. ಅವರು ತೀರಿಕೊಂಡದ್ದು 1973ರ ಆಗಸ್ಟ್ 31ರಂದು. ಸರ್ಕಾರಿ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, 33 ಕಡೆ. ಅವುಗಳಲ್ಲಿ ಕರ್ನಾಟಕದ ತಿ. ನರಸೀಪುರವೂ ಒಂದು. ಅಂಗಳದ ತರಗತಿಯ ಕಲ್ಪನೆ ಕೋಸ್‌ಬಾಡಿನದು, ಆಹಾರ, ಲಸಿಕೆ, ಆರೋಗ್ಯ ತಪಾಸಣೆ ಎಲ್ಲ ಕೂಡಿದ ಯೋಜನೆ ಸರ್ಕಾರದ್ದು. ಈ ವ್ಯತ್ಯಾಸ ಸ್ಪಷ್ಟವಾಗಿರಲಿ.

ತಾರಾಬಾಯಿಯವರ ಸಹೋದ್ಯೋಗಿ ಅನುತಾಯಿ ವಾಘ್ ಅವರ ಮೇಲೂ ಪ್ರಶ್ನೆ ಬರಬಹುದು, ಓದಿಕೊಳ್ಳಿ. ಹದಿಮೂರನೆಯ ವಯಸ್ಸಿಗೆ ಮದುವೆ, ಕೆಲವೇ ತಿಂಗಳಲ್ಲಿ ವೈಧವ್ಯ. ಪುಣೆಯ ಹೆಣ್ಣುಮಕ್ಕಳ ಶಾಲೆ ಹುಜೂರ್‌ಪಾಗಾದಲ್ಲಿ ಶಿಕ್ಷಕಿಯಾಗಿದ್ದ ಅವರು 1945ರಲ್ಲಿ ಬೋರಿವಲಿಯ ಒಂದು ಶಿಬಿರದಲ್ಲಿ ತಾರಾಬಾಯಿಯವರನ್ನು ಕಂಡು, ಬೋರ್ಡಿಗೆ ಹೊರಟುಬಂದರು. ತಾರಾಬಾಯಿಯವರ ನಂತರ ಕೋಸ್‌ಬಾಡಿನ ಹೊಣೆಯನ್ನು 1992ರಲ್ಲಿ ತಾವು ತೀರಿಕೊಳ್ಳುವವರೆಗೂ ಹೊತ್ತವರು ಅವರೇ.